ನೀಲಗಿರಿಯ ಬಡಗರ ಹಟ್ಟಿ

ಗುಂಡ್ಲುಪೇಟೆಗೆ ಸಮೀಪದ ಹಿಮವದ್ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು, ಮಂಜು ಕವಿಯದ ದಿನ ದಕ್ಷಿಣಾಭಿಮುಖವಾಗಿ ನೋಡಿದರೆ, ಕಾಡಿನಾಚೆ ದಿಗಂತದಲ್ಲಿ ನೀಲಿಯ ಗೋಡೆಯೊಂದು ಎದ್ದು ನಿಂತಂತೆ ಕಾಣುತ್ತದೆ. ಅದೇ ನೀಲಗಿರಿ. ಬೇಸಗೆಯಲ್ಲಿ ಉದಕಮಂಡಲಕ್ಕೆ ಹೋಗಿ ಬಂದವರು ನಮ್ಮ ಶ್ರೋತೃಗಳಲ್ಲಿ ಅನೇಕರಿರಬಹುದು. ಅಲ್ಲಿಯ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಎತ್ತರ ಸುಮಾರು 8,650 ಅಡಿ. ಕೋಟಗಿರಿ ಎಂಬುದು ಕೋಟರ ಕೇರಿ ಎಂಬುದರ ರೂಪಾಂತರವೆಂದು ಬಲ್ಲವರು ಹೇಳುತ್ತಾರೆ. ಈ ಹೆಸರುಗಳ ಅರ್ಥ ತಿಳಿಯಲು ಕನ್ನಡಿಗನು ನಿಘಂಟನ್ನು ತೆರೆಯಬೇಕಾಗಿಲ್ಲ. ಆದರೆ ಬೆಟ್ಟವನ್ನು ಬೆಟ್ಟವೆಂದೇ ಕರೆದ ಆ ಜನ ಯಾರೆಂದು ವಿಚಾರಿಸಿದವರು, ಅಲ್ಲಿಗೆ ಹೋಗಿ ಬಂದವರಲ್ಲಿಯೂ ವಿರಳವೇ.

ಅವರು ಬಡಗರು. ಅವರ ಊರಿಗೆ ಹಟ್ಟಿ ಎಂದು ಹೆಸರು. ಇಂಥ ಹಟ್ಟಿಗಳು ಆ ಬೆಟ್ಟಗಳ ಮೇಲೆ ನಾನೂರರ ಸುಮಾರಿಗೆ ಇವೆ; ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆನಾಡು ಎಂಬ ನಾಲ್ಕು ಸೀಮೆಗಳಲ್ಲಿ ಅವು ಹಂಚಿಕೊಂಡಿವೆ. ಇಂಥದೊಂದು ಹಟ್ಟಿಯ ಪೂರ್ವಕಾಲದ ಜೀವನವನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಕೆಲಸ ಸುಲಭವಾದುದಲ್ಲ. ಹಟ್ಟಿಯು ತನ್ನ ಚರಿತ್ರೆಯನ್ನು ತಾನು ಬರೆದಿಡಲಿಲ್ಲ. ಬಡಗರ ನುಡಿಗೆ ಸ್ವಂತ ಲಿಪಿಯೇ ಇರಲಿಲ್ಲ. ಅದನ್ನು ಕುರಿತು ಬರೆದವರೆಲ್ಲರೂ ಹೊರಗಿನವರು, ಮತ್ತು ಅವರಲ್ಲಿ ಬಹುಮಂದಿ ಬೇರೆ ಯಾವುದನ್ನೋ ಹುಡುಕಿಕೊಂಡು ಬಂದವರು.

ನೀಲಗಿರಿಯ ಜನರ ಪ್ರಸ್ತಾಪ ಮೊದಲು ದೊರೆಯುವುದು ನಮ್ಮ ನಾಡಿನಲ್ಲಿಯೇ. ಚಾಮರಾಜನಗರದ 1117ನೆಯ ಇಸವಿಯ ಶಾಸನವು, ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನೆಂದು ಹೊಗಳುತ್ತದೆ. ಎಮ್ಮೆಗಳನ್ನು ಸಾಕಿಕೊಂಡಿದ್ದ ತೋದರನ್ನು ಬೆದರಿಸುವುದಕ್ಕೆ ಎಷ್ಟು ಸೈನ್ಯ ಬೇಕಾಯಿತೋ ತಿಳಿಯದು. ಪ್ರಶಸ್ತಿಗಳ ಸ್ವಭಾವವೇ ಹಾಗೆ. ಅಲ್ಲಿ ಬಡಗರ ಹೆಸರಿಲ್ಲ. ಅನಂತರ ಐದು ಶತಮಾನಗಳಾಗುವಷ್ಟರಲ್ಲಿ, 1603ರಲ್ಲಿ, ಮಲೆಯಾಳದ ಕಡೆಯಿಂದ ಫೆನಿಸಿಯೊ ಎಂಬ ಜೆಸುಯಿಟ್ ಪಾದ್ರಿಯು ಬೆಟ್ಟವನ್ನು ಏರಿದನು. ಮೇಲೆ ವಾಸಿಸುವ ತೋದರು ಹಿಂದೊಮ್ಮೆ ಕ್ರೈಸ್ತರಾಗಿದ್ದು ಮತವನ್ನು ಮರೆತವರೆಂಬ ವದಂತಿ ಅವನನ್ನು ಕರೆತಂದಿತ್ತು. ತೋದರ ಹೆಂಗಸರಿಗೆ ಕನ್ನಡಿಗಳನ್ನೂ ನೂಲಿನ ಲಡಿಗಳನ್ನೂ ಕೊಟ್ಟು, ಅವರು ಕ್ರೈಸ್ತರಲ್ಲವೆಂಬುದನ್ನು ಮನಗಂಡು ಅವನು ಹಿಂದಿರುಗಿದನು. ದಾರಿಯಲ್ಲಿ ಬಡಗರ ಊರೊಂದರಲ್ಲಿ ತಂಗಿದ್ದನಾದುದರಿಂದ ಕೆಲವು ಮಾತುಗಳು ಅವನ ಕಾಗದದಲ್ಲಿ ಉಳಿದಿವೆ: ಅಂಥ ಊರುಗಳು ಮೂರು, ತಾನು ಕಂಡ ಊರಿನಲ್ಲಿ ನೂರೈವತ್ತು ಇನ್ನೂರು ಮಂದಿ, ಹಸುಗಳು, ಕೋಳಿಗಳು, ಬೇಳೆ, ಸಾಸಿವೆ, ಬೆಳ್ಳುಳ್ಳಿ, ಜೇನು. ಅಷ್ಟೇ. ಒಂದು ರಾತ್ರಿಯ ಅತಿಥಿ ಬರೆದ ಆ ನಾಲ್ಕು ಪಂಕ್ತಿಗಳೇ ಬಡಗರ ಹಟ್ಟಿಯ ಪ್ರಥಮ ದಾಖಲೆ.

ಮತ್ತೆ ಇನ್ನೂರು ವರ್ಷಗಳ ಮೌನ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನೆಲ್ಲ ಅಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದ ಬುಕಾನನ್ ಮಹಾಶಯನು ಬೆಟ್ಟದ ಬುಡದ ದಣ್ಣಾಯಕನಕೋಟೆಗೆ ಬಂದು, ಒಂದು ಇಳಿಜಾರನ್ನು ಏರಿ ನೋಡಿ, ಮೇಲಿನ ಪ್ರಸ್ಥಭೂಮಿಗೆ ಹೋಗದೆ ಹಿಂದಿರುಗಿದನು. ಅವನು ಇನ್ನೆರಡು ದಿನ ನಡೆದಿದ್ದರೆ ನಮಗೆ ಎಷ್ಟು ಲಾಭವಾಗುತ್ತಿತ್ತು! 1812ರಲ್ಲಿ ಕೀಸ್ ಎಂಬ ಮೋಜಣಿದಾರನೂ, 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಸಲ್ಲಿವನ್ನನೂ ಮೇಲೆ ಬಂದ ಬಳಿಕ ಬರೆಹಗಳು ಹೆಚ್ಚಿದವು. ಆದರೆ ಅಷ್ಟು ಹೊತ್ತಿಗೆ ಹಟ್ಟಿಯ ಹಳೆಯ ಜೀವನದ ಕೊನೆಯ ಅಧ್ಯಾಯವೂ ಆರಂಭವಾಗಿತ್ತು.

ಬಡಗರು ತಾವು ಎಲ್ಲಿಂದ ಬಂದರೆಂಬುದನ್ನು ತಾವೇ ಹೇಳುತ್ತಾರೆ. ಬಡಗು ಎಂದರೆ ಉತ್ತರ. ಬಡಗನೆಂದರೆ ಉತ್ತರದಿಂದ ಬಂದವನು. ಮೈಸೂರು ಸೀಮೆಯಲ್ಲಿ ಏಳು ಮಂದಿ ಅಣ್ಣತಮ್ಮಂದಿರೂ ಒಬ್ಬ ತಂಗಿಯೂ ಇದ್ದರಂತೆ. ಆ ಹುಡುಗಿಯ ಮೇಲೆ ಮುಸಲ್ಮಾನ ಅರಸನೊಬ್ಬನ ಕಣ್ಣು ಬೀಳಲು, ಕುಟುಂಬವೆಲ್ಲ ರಾತ್ರೋರಾತ್ರಿ ಹೊರಟಿತಂತೆ. ತುಂಬಿ ಹರಿಯುತ್ತಿದ್ದ ಹೊಳೆ ಅವರಿಗೆ ದಾರಿ ಬಿಟ್ಟಿತಂತೆ. ವಲಸೆ ಹೋದ ಇತರ ಕುಲಗಳೂ ಇಂಥ ಕಥೆಯನ್ನೇ ಹೇಳುವುದುಂಟು. ಆದುದರಿಂದ ಇದನ್ನು ಅಕ್ಷರಶಃ ನಂಬಲಾಗದು. ಹಾಗೆಂದು ತಳ್ಳಿಹಾಕಲೂ ಆಗದು. ವಿಜಯನಗರದ ಸೇನೆ 1565ರಲ್ಲಿ ಸೋತ ತರುವಾಯ ದಕ್ಷಿಣದಲ್ಲಿ ಹಬ್ಬಿದ ಅರಾಜಕತೆಯಲ್ಲಿ ಜನ ಬೆಟ್ಟವನ್ನು ಹತ್ತಿದರೆಂಬುದು ವಿದ್ವಾಂಸರ ಸಾಮಾನ್ಯ ಊಹೆ. ನನಗೆ ತೋರುವ ಮಟ್ಟಿಗೆ ಬಂದದ್ದು ಒಂದೇ ಕುಟುಂಬವೂ ಅಲ್ಲ, ಒಂದೇ ರಾತ್ರಿಯೂ ಅಲ್ಲ. ಲಿಂಗಧಾರಿಗಳಾದ ಒಡೆಯರು, ಜನಿವಾರದ ಹಾರುವರು, ಅಧಿಕಾರಿ, ಕಣಕ, ಗೌಡ, ಎಲ್ಲರಿಗೂ ಸೇವೆ ಮಾಡುವ ತೊರೆಯ—ಇಷ್ಟು ಬಗೆಯ ಪಂಗಡಗಳು ಒಂದು ಸಂಸಾರದಿಂದ ಹುಟ್ಟುವುದು ಕಷ್ಟ. ಮೈಸೂರು ಸೀಮೆಯ ಹಳ್ಳಿಯ ರಚನೆಯೇ ಬಿಡಿಬಿಡಿಯಾಗಿ ಬೆಟ್ಟವನ್ನು ಏರಿದಂತೆ ಇದೆ.

ನುಡಿಯ ಸಾಕ್ಷ್ಯವೂ ಇದೆ. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾದಂತೆ ಬಡಗರಲ್ಲಿಯೂ ಹಾಲೇ ಆಗಿದೆ. ಈ ಪಕಾರ ಹಕಾರವಾದದ್ದು ಕನ್ನಡದಲ್ಲಿ ಸುಮಾರು ಹತ್ತರಿಂದ ಹದಿನಾಲ್ಕನೆಯ ಶತಮಾನದೊಳಗೆ. ಆ ಮಾರ್ಪಾಟಿನಲ್ಲಿ ಪಾಲುಗೊಂಡ ಮೇಲೆಯೇ ಬಡಗರ ನುಡಿ ಬೇರೆಯಾಗಿರಬೇಕು ಎಂದು ವಾದಿಸಬಹುದು. ಆದರೆ ಅದನ್ನು ಕೆಟ್ಟ ಕನ್ನಡವೆಂದು ಕರೆಯುವುದು ಅನ್ಯಾಯ. ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ವಿಚಿತ್ರ ಸ್ವರಗಳು ಅದರಲ್ಲಿವೆಯೆಂದು ಭಾಷಾವಿಜ್ಞಾನಿ ಎಮೆನೋ 1939ರಲ್ಲಿ ಪ್ರಕಟಪಡಿಸಿದರು. ನಮ್ಮ ಕಿವಿಗೆ ಅವು ಪೂರ್ತಿ ಹೊಸವು. ಇಂದು ಅನೇಕ ವಿದ್ವಾಂಸರು ಅದನ್ನು ಪ್ರತ್ಯೇಕ ಭಾಷೆಯೆಂದೇ ಎಣಿಸುತ್ತಾರೆ.

ಇನ್ನು ಹಟ್ಟಿಯ ಒಳಕ್ಕೆ ಹೋಗೋಣ. ಇಳಿಜಾರಿನ ನೆತ್ತಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿರುತ್ತಿದ್ದವು. ಮುಂದೆ ಎಲ್ಲರಿಗೂ ಸೇರಿದ ಅಂಗಳ. ಮನೆಗೆ ಹೊರಗಿನ ಕೋಣೆ, ಒಳಗಿನ ಕೋಣೆ. ಒಳಗಡೆ ಹಾಲು ಮೊಸರಿಗೆಂದು ಹಾಗೊಟ್ಟು ಎಂಬ ಮೀಸಲಾದ ಸ್ಥಳ. ಅಲ್ಲಿಗೆ ಹೆಂಗಸರು ಹೋಗಕೂಡದು. ಅಟ್ಟದ ಮೇಲೆ ಧಾನ್ಯ. ಎಮ್ಮೆಯ ಕೆಲಸ ಗಂಡಸಿಗೆ, ಹೊಲದ ಕೆಲಸದ ಬಹುಭಾಗ ಹೆಂಗಸಿಗೆ. ಹಾಲಿನ ಬಳಿಗೆ ಹೋಗದವಳೇ ಅನ್ನವನ್ನು ಬೆಳೆಯುತ್ತಿದ್ದಳು. ಕೊರಲೆ, ಸಾಮೆ, ರಾಗಿ, ಗಂಜೆ ಎಂದು ಅವರು ಕರೆಯುವ ಜವೆ, ಇವು ಬೆಳೆಗಳು. ನೆಲ ಸೊರಗಿದರೆ ಅದನ್ನು ಪಾಳು ಬಿಟ್ಟು ಮತ್ತೊಂದು ತುಂಡನ್ನು ಉಳುವುದು, ಹಳೆಯ ತುಂಡಿನ ಹಕ್ಕನ್ನು ಮಾತ್ರ ಬಿಡದಿರುವುದು, ಇದು ವಾಡಿಕೆ. ಸರ್ಕಾರಿ ಕಡತಗಳು ಇದನ್ನು ಭುರ್ತಿ ಎಂದು ಕರೆದವು.

ಹಟ್ಟಿಯು ಒಂಟಿಯಾಗಿ ಬಾಳುತ್ತಿರಲಿಲ್ಲ. ತೋದರಿಂದ ತುಪ್ಪ, ಕೋಟರಿಂದ ಕುಳ, ಕುಡುಗೋಲು, ಮಡಕೆ, ಸಾವಿನ ಮನೆಗೆ ವಾದ್ಯ, ಇವರಿಬ್ಬರಿಗೂ ಬಡಗರಿಂದ ಧಾನ್ಯ. ಕಾಡಿನ ಇಳಿಜಾರಿನ ಕುರುಂಬನಿಗೂ ಪಾಲಿತ್ತು. ಬಿತ್ತನೆಯ ಮೊದಲ ಶಾಸ್ತ್ರವನ್ನು ಅವನೇ ಮಾಡಬೇಕು. ಏಕೆಂದರೆ ಮಾಟವನ್ನು ಬಲ್ಲವನು ಅವನು, ಅದನ್ನು ತಡೆಯಬಲ್ಲವನೂ ಅವನೇ ಎಂದು ನಂಬಿಕೆ. ಹಣದ ಸುಳಿವೂ ಇಲ್ಲದ ಈ ವಿನಿಮಯವನ್ನು ಕೆಲವರು ಸತ್ಯಯುಗದ ಸೌಹಾರ್ದವೆಂದು ವರ್ಣಿಸಿದ್ದಾರೆ. ಅದಕ್ಕೆ ಇನ್ನೊಂದು ಮುಖವಿದೆ, ಮುಂದೆ ಹೇಳುತ್ತೇನೆ.

ಹಟ್ಟಿ ತನ್ನ ಚರಿತ್ರೆಯನ್ನು ಬರೆಯಲಿಲ್ಲವೆಂದೆನಷ್ಟೆ. ಆದರೆ ಒಂದು ಸಂದರ್ಭದಲ್ಲಿ ಅದು ತನ್ನನ್ನು ಕುರಿತು ತಾನೇ ದೀರ್ಘವಾಗಿ ಮಾತನಾಡುತ್ತಿತ್ತು. ಅದು ಸಾವು. ಪ್ರಾಣ ಹೋಗುವವನ ಬಾಯಿಗೆ ವೀರರಾಯ ಹಣವೆಂಬ ಚಿಕ್ಕ ಚಿನ್ನದ ನಾಣ್ಯವನ್ನು ಹಾಕುವರು, ಮಲೆಯಾಳದ ನಾಣ್ಯವದು. ಸಂಸ್ಕಾರದ ದಿನ ಶವದ ಬಳಿಗೆ ಒಂದು ಕರುವನ್ನು ತರುವರು. ಹಿರಿಯನೊಬ್ಬನು ನಿಂತು ಪಾಪಗಳನ್ನು ಒಂದೊಂದಾಗಿ ಎಣಿಸುವನು. ಪ್ರತಿಯೊಂದಕ್ಕೂ ನೆರೆದವರೆಲ್ಲರೂ ಅದು ಪಾಪವೆಂದು ಒಪ್ಪುವರು. ಪಾಪಗಳು ಕರುವಿನ ಮೇಲೆ ಹೋಗುವುವು, ಕರುವನ್ನು ಬಿಟ್ಟುಬಿಡುವರು, ಅದನ್ನು ಮತ್ತೆ ಯಾರೂ ಕೆಲಸಕ್ಕೆ ಹೂಡಕೂಡದು. ಇದಕ್ಕೆ ಕರು ಹರಚೋದು ಎನ್ನುವರು. ನಮ್ಮ ಹರಸುವುದು ಎಂಬ ಮಾತಿನ ನಂಟು ಇದಕ್ಕಿರಬಹುದೆಂದು ನನಗೆ ತೋರುತ್ತದೆ. ಪಾಪಗಳು ಸಾವಿರದ ಮುನ್ನೂರು ಎಂದು ವಾಡಿಕೆಯ ಮಾತು. ಗಮನಿಸಬೇಕಾದುದೇನೆಂದರೆ, ಸತ್ತವನು ಯಾರೇ ಆಗಿರಲಿ, ಸಾಧುವಾಗಿರಲಿ ಕೇಡಿಯಾಗಿರಲಿ, ಪಟ್ಟಿ ಅದೇ. ಆದುದರಿಂದ ಇದು ಒಬ್ಬನ ತಪ್ಪೊಪ್ಪಿಗೆಯಲ್ಲ, ಊರಿನ ದಾಖಲೆ.

ಬಾಸೆಲ್ ಮಿಶನ್ನಿನವರು 1846ರಲ್ಲಿ ಕೇತಿಯಲ್ಲಿ ನೆಲೆಸಿದ ಮೇಲೆ ಇಂಥ ಪಾಠಗಳು ಕಾಗದಕ್ಕೆ ಬಂದವು. 1909ರಲ್ಲಿ ಥರ್ಸ್ಟನ್ನರು ಅಚ್ಚು ಮಾಡಿಸಿದ ಗ್ರಂಥದಲ್ಲಿ ಒಂದು ಉದ್ದವಾದ ಪಟ್ಟಿ ಇದೆ. ಅದನ್ನು ಧರ್ಮಶಾಸ್ತ್ರವೆಂದು ಓದದೆ ಚರಿತ್ರೆಯೆಂದು ಓದಿ ನೋಡಿರಿ. ಗಡಿಕಲ್ಲನ್ನು ಸರಿಸಿದ್ದು ಪಾಪ. ನೆರೆಯವನ ಬೇಲಿಯನ್ನು ಕಿತ್ತು ಹೊಲವನ್ನು ಒತ್ತಿದ್ದು ಪಾಪ. ಭೂಮಿ ವಿಸ್ತಾರವಾಗಿ ಬಿದ್ದಿತ್ತೆಂದು ಬರೆದವರು ಈ ಮಾತನ್ನು ಲಕ್ಷಿಸಲಿಲ್ಲ; ಉಳಲು ಯೋಗ್ಯವಾದ ಇಳಿಜಾರು ಸ್ವಲ್ಪವೇ ಇತ್ತು. ಹೆಚ್ಚು ಹಾಲು ಕೊಡುವ ಎಮ್ಮೆಯನ್ನು ಕಂಡು ಕರುಬಿದ್ದು, ಪರರ ಪೈರನ್ನು ಕಂಡು ಹೊಟ್ಟೆ ಉರಿದುಕೊಂಡದ್ದು, ನೀರನ್ನು ಹೊಲಸು ಮಾಡಿದ್ದು, ಕಟ್ಟಿದ ನೀರನ್ನು ಒಡೆದದ್ದು, ಸಸಿಯನ್ನು ಕಿತ್ತದ್ದು. ಮಾವನನ್ನು ನೆಲದ ಮೇಲೆ ಮಲಗಿಸಿ ತಾನು ಮಂಚವನ್ನೇರಿದ್ದು, ಜಗಲಿಯಿಂದ ಅತ್ತೆಯನ್ನು ಎಬ್ಬಿಸಿದ್ದು, ಸೊಸೆಯನ್ನು ಗೋಳಾಡಿಸಿದ್ದು. ಗೋಡೆಗೆ ಗೋಡೆ ಕೂಡಿದ ಸಾಲುಮನೆಯ ಇಕ್ಕಟ್ಟು ಇಷ್ಟು ಚೆನ್ನಾಗಿ ಯಾವ ಪ್ರವಾಸಿಯ ಬರೆಹದಲ್ಲಿಯೂ ಕಾಣುವುದಿಲ್ಲ.

ಎರಡು ಪಾಪಗಳು ನನ್ನ ಮನಸ್ಸಿನಲ್ಲಿ ನಿಂತಿವೆ. ಚಳಿಯಿಂದ ಸೆಡೆತು ಬಂದವನಿಗೆ ಬೆಂಕಿಯನ್ನು ಕೊಡದಿದ್ದುದು ಒಂದು. ಕಾಡಿನಲ್ಲಿ ದಾರಿಗನಿಗೆ ತಪ್ಪು ದಾರಿಯನ್ನು ತೋರಿದ್ದು ಇನ್ನೊಂದು. ಹಿಮ ಬೀಳುವ ಮಾಗಿಯ ರಾತ್ರಿಯಲ್ಲಿ ಇವೆರಡೂ ಕೊಲೆಗೆ ಸಮಾನ. ಅತಿಥಿಸತ್ಕಾರವು ಅಲ್ಲಿ ಸದ್ಗುಣವಾಗಿರಲಿಲ್ಲ, ಪ್ರಾಣದ ಪ್ರಶ್ನೆಯಾಗಿತ್ತು. ಮೇಲಿನ ಅಧಿಕಾರಿಗಳಿಗೆ ಚಾಡಿ ಹೇಳಿದ್ದೂ ಪಟ್ಟಿಯಲ್ಲಿದೆ. ಕೆಳಗಿನ ದೊರೆತನ ಯಾರದಾಗಿರಲಿ, ಅದರ ಕಂದಾಯದ ಕೈ ಬೆಟ್ಟದ ಮೇಲಕ್ಕೂ ಚಾಚಿತ್ತೆಂಬುದನ್ನು ಈ ಒಂದು ಮಾತೇ ತಿಳಿಸುತ್ತದೆ.

ಆದರೆ ದಾಖಲೆ ಹೇಳದೆ ಬಿಟ್ಟದ್ದನ್ನೂ ಕೇಳಬೇಕು. ಕುರುಂಬರ ಮಾತನ್ನು ಮುಂದಕ್ಕೆ ಇಟ್ಟಿದ್ದೆ. ರೋಗವೋ ದನದ ಸಾವೋ ಬಂದಾಗ ಅದು ಕುರುಂಬನ ಮಾಟವೆಂದು ನಂಬಿ, ಜನ ರಾತ್ರಿ ಅವರ ಗುಡಿಸಲುಗಳ ಮೇಲೆ ಬೀಳುತ್ತಿದ್ದರು. 1835ರಲ್ಲಿ ನಲವತ್ತೆಂಟು ಮಂದಿ ಕುರುಂಬರು ಹತರಾದರೆಂದು ಸರ್ಕಾರದ ಬರೆಹಗಳಲ್ಲಿದೆ. 1900ರಲ್ಲಿ ಕೂಡ ಒಂದು ಕುಟುಂಬವೇ ಕೊಲೆಯಾಯಿತು. ಹಾವನ್ನು ಕೊಂದದ್ದು, ಹಲ್ಲಿಯನ್ನು ಕೊಂದದ್ದು, ಹಕ್ಕಿಯ ಮರಿಯನ್ನು ಬೆಕ್ಕಿಗೆ ಹಾಕಿದ್ದು, ಇವೆಲ್ಲ ಪಾಪವಾಗಿ ಎಣಿಸಲ್ಪಟ್ಟಿವೆ. ನಾನು ಓದಿದ ಪಟ್ಟಿಯಲ್ಲಿ ಕುರುಂಬನನ್ನು ಕೊಂದದ್ದು ಇಲ್ಲ. ಹಟ್ಟಿಯವರನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಭಯದಲ್ಲಿ ಬದುಕುವವನಿಗೆ ತನ್ನ ಭಯದ ಕಾರಣನು ನೆರೆಯವನಾಗಿ ಕಾಣುವುದಿಲ್ಲ. ಕುರುಂಬರ ಕಡೆಯ ಮಾತನ್ನಂತೂ ಆ ಕಾಲದಲ್ಲಿ ಬರೆದುಕೊಂಡವರೇ ಇಲ್ಲವೆನ್ನಬೇಕು. ಅಜ್ಞಾತವಾದ ಊರಿಗಿಂತಲೂ ಅಜ್ಞಾತವಾದ ಗುಡಿಸಲೊಂದು ಅದರ ಕೆಳಗಿನ ಕಣಿವೆಯಲ್ಲಿತ್ತು.

ಮುಂದಿನ ಕಥೆ ಬೇಗ ಹೇಳಬಹುದಾದುದು. ಸಲ್ಲಿವನ್ನನ ಕಾಲದಲ್ಲಿ ಬಂಗಲೆಗಳೂ ಆಲೂಗಡ್ಡೆಯೂ ಬಂದವು; ರಸ್ತೆ ಬಂದಿತು, ಕೂಲಿಯ ಹಣ ಬಂದಿತು. 1860ರ ದಶಕದಲ್ಲಿ ಭುರ್ತಿಯ ಹಕ್ಕು ರದ್ದಾಯಿತು. ಗಡಿಕಲ್ಲನ್ನು ನೆಡುವ ಕೆಲಸ ಹಿರಿಯರ ಕೈಯಿಂದ ಮೋಜಣಿಯವರ ಕೈಗೆ ಹೋಯಿತು. ಮಿಶನ್ನಿನವರು ಬಡಗರ ನುಡಿಯನ್ನು ಕನ್ನಡದ ಅಕ್ಷರದಲ್ಲಿ ಅಚ್ಚು ಹಾಕಿದರು. 1930ರ ಸುಮಾರಿಗೆ ಬಡಗರಲ್ಲಿ ಓದು ಕಲಿತವರು ಸಾವಿಗೆ ಕೋಟರ ವಾದ್ಯ ಬೇಡವೆನ್ನತೊಡಗಿದರು. ಹಳೆಯ ವಿನಿಮಯವು ಕಡಿದುಹೋಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊರಲೆಯ ಹೊಲಗಳನ್ನು ಚಹದ ಗಿಡ ಆವರಿಸಿತು. ಇಂದು ಅನೇಕ ಹಟ್ಟಿಗಳಲ್ಲಿ ಅದು ಮನೆಯ ಹಿತ್ತಿಲವರೆಗೂ ಬಂದು ನಿಂತಿದೆ. ಬುಕಾನನ್ ಹಿಂದಿರುಗಿದ ದಣ್ಣಾಯಕನಕೋಟೆಯು 1950ರ ದಶಕದಲ್ಲಿ ಭವಾನಿಸಾಗರದ ನೀರಿನಲ್ಲಿ ಮುಳುಗಿತು.

ಸಾವಿನ ದಿನದ ಪಾಪಗಳ ಎಣಿಕೆ ಮಾತ್ರ ನಿಂತಿಲ್ಲ. ಕರುವನ್ನು ತರುವ ಪದ್ಧತಿ ಬಹಳ ಕಡೆ ತಪ್ಪಿಹೋಗಿದೆ. ಕರುವಿಲ್ಲದ ಆ ವಿಧಿಯನ್ನು ಈಗಲೂ ಕರು ಹರಚೋದು ಎಂದೇ ಕರೆಯುತ್ತಾರೆ.