ಖ್ವಾಜಾ ಯೂಸುಫ್ ಖುರಾಸಾನಿ ಎಂಬ ರಷ್ಯದವನು: ದಖ್ಖನ್ನಿನ ಸುಲ್ತಾನರ ನಾಡಲ್ಲಿ ಪಶ್ಚಿಮದ ಪರದೇಶಿಗಳು

ಮುಸ್ಲಿಂ ಆಳ್ವಿಕೆಯ ನಾಡಿನಲ್ಲಿ ಪಶ್ಚಿಮದಿಂದ ಬಂದ ಒಬ್ಬ ಮನುಷ್ಯ ಹೇಗೆ ಬದುಕಿದ, ಯಾವುದಕ್ಕೆ ಹೆದರಿದ, ಏನನ್ನು ಕಳೆದುಕೊಂಡ ಅನ್ನುವುದು ಇವತ್ತಿನ ನನ್ನ ವಿಷಯ. ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. "ಮುಸ್ಲಿಂ ಬಹುಸಂಖ್ಯಾತ ದೇಶ" ಅಂತ ಇವತ್ತು ನಾವು ಹೇಳುವ ಅರ್ಥದಲ್ಲಿ ದಖ್ಖನ್ ಯಾವತ್ತೂ ಹಾಗಿರಲಿಲ್ಲ. ಇಲ್ಲಿ ದರ್ಬಾರು ಮುಸ್ಲಿಮರದ್ದು, ಊರು ಬಹುಪಾಲು ಹಿಂದೂಗಳದ್ದು. ಪಶ್ಚಿಮದವನೊಬ್ಬ ಬಂದರೆ ಒಂದಲ್ಲ, ಎರಡು ಪರಕೀಯ ಲೋಕಗಳ ನಡುವೆ ನಿಲ್ಲಬೇಕಿತ್ತು.

ನಾನು ಕೌತಾಳಂ ಕಡೆಯವನು. ಆದೋನಿಗೆ ಹತ್ತಿರದ ಊರು. ತುಂಗಭದ್ರೆ ದಾಟಿದರೆ ರಾಯಚೂರು ಸೀಮೆ. 1953ರವರೆಗೆ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡರ ಜೊತೆ ಉರ್ದು. ಈ ಊರನ್ನ ಯಾಕೆ ಎತ್ತಿದೆ ಅಂದ್ರೆ, ದಖ್ಖನ್ನಿನಲ್ಲಿ "ಫಿರಂಗಿ"ಗಳು ಕಾಣಿಸಿಕೊಂಡರು ಅಂತ ಹೇಳುವ ತೀರಾ ಹಳೆಯ ಕಥನಗಳಲ್ಲಿ ಒಂದು ಇಲ್ಲಿಯದೇ. 1366ರಲ್ಲಿ ಬಹಮನಿ ಸುಲ್ತಾನ ಮೊದಲನೇ ಮುಹಮ್ಮದ್ ಶಾ ನದಿ ದಾಟಿ ಬಂದು ವಿಜಯನಗರದ ಬುಕ್ಕರಾಯನ ಸೈನ್ಯದ ಜೊತೆ ಕಾದಾಡಿದ. ಆ ಕದನ ಕೌತಾಳಂ ಸುತ್ತಿನ ಬಯಲಲ್ಲಿ ನಡೆದಿರಬೇಕು ಅಂತ ಚರಿತ್ರಕಾರರು ಗುರುತಿಸುತ್ತಾರೆ. ಇದನ್ನು ವಿವರವಾಗಿ ಬರೆದವನು ಫಿರಿಷ್ತಾ. ಸುಲ್ತಾನನ ಹತ್ತಿರ ತೋಪುಗಳಿದ್ದವು, ಅವನ್ನು ನಡೆಸುತ್ತಿದ್ದವರಲ್ಲಿ ರೂಮಿಗಳು ಅಂದರೆ ತುರ್ಕರು, ಮತ್ತೆ ಫಿರಂಗಿಗಳು ಅಂದರೆ ಯುರೋಪಿನವರು ಇದ್ದರು ಅಂತ ಅವನು ಹೇಳುತ್ತಾನೆ.

ಓದಿದಾಗ ನನಗೂ ಖುಷಿಯಾಯ್ತು. ಆದರೆ ಇದನ್ನು ನಂಬಬಾರದು ಅಂತಲೇ ನನ್ನ ಅಭಿಪ್ರಾಯ. ಫಿರಿಷ್ತಾ ಬರೆದದ್ದು ಸುಮಾರು 240 ವರ್ಷ ಆದಮೇಲೆ, ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ಕೂತು. ಅವನ ಕಣ್ಣೆದುರಿನ ಬಿಜಾಪುರದಲ್ಲಿ ತೋಪು ಅಂದರೆ ರೂಮಿ, ತೋಪು ಅಂದರೆ ಫಿರಂಗಿ. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನಲ್ಲೇ "ರೂಮಿ" ಇದೆ. ಗೋವಾದಲ್ಲಿ ಪೋರ್ಚುಗೀಸರು ಕೂತು ಆಗಲೇ ಸುಮಾರು ನೂರು ವರ್ಷ ಆಗಿತ್ತು. ತನ್ನ ಕಾಲದ ಮಾಮೂಲಿ ನೋಟವನ್ನು ಅವನು ಹಿಂದಕ್ಕೆ ಒಯ್ದು ನಮ್ಮೂರ ಬಯಲಲ್ಲಿ ಇಟ್ಟ. 1366ರ ಬಗ್ಗೆ ಅವನ ಸಾಕ್ಷಿ ದುರ್ಬಲ, 1600ರ ಬಗ್ಗೆ ಗಟ್ಟಿ: ಸುಲ್ತಾನನ ಸೇನೆಯಲ್ಲಿ ಒಬ್ಬ ಫಿರಂಗಿ ಇರುವುದು ಆಗ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ಇನ್ನೊಂದು ವಿಷಯ. ಫಿರಿಷ್ತಾ ಹುಟ್ಟಿದ್ದು ಕ್ಯಾಸ್ಪಿಯನ್ ಕಡಲ ಪಕ್ಕದ ಅಸ್ತರಾಬಾದಿನಲ್ಲಿ. ಅವನೇ ಪಶ್ಚಿಮದಿಂದ ಬಂದವನು.

"ಪಶ್ಚಿಮದವರು" ಅನ್ನೋ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಬಹಮನಿ ದರ್ಬಾರಿನಲ್ಲಿ ಎರಡು ಬಣ ಇದ್ದವು ಅಂತ ನಾವೆಲ್ಲ ಪಿಯುಸಿಯಲ್ಲೇ ಓದಿದ್ದೇವೆ: ದಖ್ಖನಿಗಳು ಮತ್ತು ಅಫಾಕಿಗಳು. ಅಫಾಕಿಗಳಿಗೆ ಗರೀಬರು ಅಂತಲೂ ಹೆಸರು. ಇಲ್ಲಿ ಗರೀಬ ಅಂದರೆ ಬಡವ ಅಲ್ಲ, ಪರದೇಶಿ. ಇರಾನು, ಮಧ್ಯ ಏಷ್ಯಾ, ಅರಬ್ ನಾಡುಗಳಿಂದ ಕಡಲು ದಾಟಿ ಬಂದವರು. ಇವರನ್ನು ರಿಚರ್ಡ್ ಈಟನ್ ತಮ್ಮ ದಖ್ಖನ್ ಚರಿತ್ರೆಯಲ್ಲಿ ಕರೆಯುವುದೇ "ಪಶ್ಚಿಮದವರು" ಅಂತ. ಹಾಗಾದ್ರೆ ಆ ಕಾಲದ ಬೀದರಿನಲ್ಲಿ "ಪಶ್ಚಿಮದವನು" ಅನ್ನುವುದು ಧರ್ಮ ಹೇಳುವ ಪದವಾಗಿರಲಿಲ್ಲ. ಬಂದ ದಿಕ್ಕು, ಆಡುವ ಭಾಷೆ, ತಂದ ಸರಕು ಹೇಳುವ ಪದವಾಗಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಫನಾಸಿ ನಿಕಿಟಿನ್‌ನನ್ನು ಓದಿದರೆ ಬೇರೆಯೇ ಕಾಣಿಸುತ್ತಾನೆ.

ನಿಕಿಟಿನ್ ವೋಲ್ಗಾ ದಂಡೆಯ ತ್ವೇರ್ ಊರಿನ ವ್ಯಾಪಾರಿ. ಹೊರಟಿದ್ದು 1466ರಲ್ಲಿ ಅಂತ ಹಳೆಯ ಲೆಕ್ಕ, 1468 ಅಂತ ಆಮೇಲಿನ ಲೆಕ್ಕ. ಅಸ್ತ್ರಾಖಾನ್ ಹತ್ತಿರ ತಾತಾರರು ದೋಚಿದರು. ಸರಕಿನ ಜೊತೆ ಅವನ ಪುಸ್ತಕಗಳೂ ಹೋದವು. ಈ ಪುಸ್ತಕಗಳ ವಿಷಯ ನೆನಪಿಡಿ, ಮುಂದೆ ಬರುತ್ತೆ. ಬರಿಗೈಲಿ ಊರಿಗೆ ಹೋದರೆ ಸಾಲಗಾರರು ಬಿಡಲ್ಲ. ಹಾಗಾಗಿ ಪರ್ಷಿಯ ದಾಟಿ, ಹರ್ಮುಜ್‌ನಿಂದ ಒಂದು ಗಂಡು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದ. ದಖ್ಖನ್ನಿನಲ್ಲಿ ಒಳ್ಳೆ ಕುದುರೆ ಹುಟ್ಟುವುದಿಲ್ಲ, ತರಿಸಲೇಬೇಕು, ಅದಕ್ಕೇ ಬೆಲೆ. ಅವನ ಇಡೀ ಬಂಡವಾಳ ಆ ಕುದುರೆ ಬೆನ್ನ ಮೇಲಿತ್ತು ಅನ್ನಬಹುದು.

ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಅಸದ್ ಖಾನ್ ಆ ಕುದುರೆಯನ್ನು ಕಿತ್ತುಕೊಂಡ. ಇವನು ಮುಸ್ಲಿಂ ಅಲ್ಲ, ರಷ್ಯದವನು ಅಂತ ಗೊತ್ತಾದ ಮೇಲೆ ಒಂದು ಷರತ್ತು ಹಾಕಿದ. ನಮ್ಮ ಧರ್ಮಕ್ಕೆ ಬಂದರೆ ಕುದುರೆಯೂ ಕೊಡ್ತೀನಿ, ಸಾವಿರ ಹೊನ್ನೂ ಕೊಡ್ತೀನಿ. ಬರದಿದ್ದರೆ ಕುದುರೆಯೂ ಇಲ್ಲ, ನಿನ್ನ ಕಡೆಯಿಂದಲೇ ಸಾವಿರ ಹೊನ್ನು ವಸೂಲಿ. ನಾಲ್ಕು ದಿನ ಗಡುವು. ಈ ಪ್ರಸಂಗವನ್ನು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಬಳಸಿಕೊಳ್ಳುತ್ತಾರೆ. ಒಂದು ಕಡೆಯವರಿಗೆ ಇದು ಬಲವಂತದ ಮತಾಂತರಕ್ಕೆ ಕಣ್ಣಾರೆ ಕಂಡ ಸಾಕ್ಷಿ. ಇನ್ನೊಂದು ಕಡೆಯವರು ಇದನ್ನು ಬಿಟ್ಟು ಮುಂದಿನ ಪುಟಕ್ಕೆ ಹಾರುತ್ತಾರೆ. ಎರಡೂ ಸರಿಯಲ್ಲ. ಬೆದರಿಕೆ ನಿಜ, ಆ ನಾಲ್ಕು ದಿನ ಅವನು ಪಟ್ಟ ಭಯವೂ ನಿಜ. ಆದರೆ ಅವನನ್ನು ಬಿಡಿಸಿದ್ದು ಯಾರು? ಖುರಾಸಾನಿನಿಂದ ಬಂದಿದ್ದ ಮುಹಮ್ಮದ್ ಅನ್ನುವ ಖಜಾನೆಯ ಅಧಿಕಾರಿ. ಅವನು ಖಾನನ ಹತ್ತಿರ ಹೋಗಿ ಮಾತಾಡಿ ಕುದುರೆಯನ್ನೂ ವಾಪಸ್ ಕೊಡಿಸಿದ, ಧರ್ಮದ ಮಾತನ್ನೂ ಬಿಡಿಸಿದ. ಕಿತ್ತುಕೊಂಡವನೂ ಮುಸ್ಲಿಂ, ಬಿಡಿಸಿದವನೂ ಮುಸ್ಲಿಂ. ಒಂದು ವಾರದೊಳಗೆ ಆದದ್ದು ಇದು. ಒಬ್ಬ ಪರದೇಶಿಗೆ ಇನ್ನೊಬ್ಬ ಪರದೇಶಿ ಆದ ಅಂತ ನಾನು ಓದುತ್ತೇನೆ. ಜಗಳದ ಮೂಲ ಕುದುರೆ. ಧರ್ಮ ಅದಕ್ಕೆ ಹಾಕಿದ ಹಗ್ಗ.

ಈಗ ಅವನ ಹೆಸರಿಗೆ ಬರೋಣ. ಇಲ್ಲಿ ಅವನು ಓಡಾಡಿದ್ದು ಖ್ವಾಜಾ ಯೂಸುಫ್ ಖುರಾಸಾನಿ ಅನ್ನುವ ಹೆಸರಲ್ಲಿ. ಎಲ್ಲರೂ "ಯೂಸುಫ್" ಮೇಲೇ ಚರ್ಚೆ ಮಾಡ್ತಾರೆ, ಯಾಕಂದ್ರೆ ಅದು ಮುಸ್ಲಿಂ ಹೆಸರು. ನನಗೆ ಮುಖ್ಯ ಅನಿಸೋದು "ಖುರಾಸಾನಿ". ಬೀದರಿನಲ್ಲಿ ಆಗ ರಾಜ್ಯದ ಚುಕ್ಕಾಣಿ ಹಿಡಿದಿದ್ದವನು ಮಹಮೂದ್ ಗವಾನ್, ಗೀಲಾನಿನವನು. ಸುಲ್ತಾನ ಮೂರನೇ ಮುಹಮ್ಮದ್ ಶಾ ಇಪ್ಪತ್ತು ವರ್ಷದ ಹುಡುಗ, ರಾಜ್ಯ ಖುರಾಸಾನಿಗಳ ಕೈಲಿದೆ ಅಂತ ನಿಕಿಟಿನ್‌ನೇ ಬರೆದುಕೊಳ್ಳುತ್ತಾನೆ. ಅಂಥ ಊರಲ್ಲಿ "ಯೂಸುಫ್" ಅನ್ನುವುದು ಪ್ರಾಣ ಉಳಿಸುವ ಹೆಸರಾದರೆ, "ಖುರಾಸಾನಿ" ಅನ್ನುವುದು ವ್ಯಾಪಾರ ನಡೆಸುವ ಹೆಸರು. ರಷ್ಯ ಎಲ್ಲಿದೆ ಅಂತ ಅಲ್ಲಿ ಯಾರಿಗೆ ಬೇಕು? ಪರದೇಶಿಗಳಿಗೆ ಒಂದು ಅಂಕಣ ಮೊದಲೇ ಸಿದ್ಧವಾಗಿತ್ತು, ಅದರೊಳಗೆ ಇವನು ಸೇರಿಕೊಂಡ. ಅದೇ ಅಂಕಣ ಆಮೇಲೆ ಅಪಾಯದ್ದೂ ಆಯ್ತು: 1481ರಲ್ಲಿ ದಖ್ಖನಿ ಬಣದವರು ಹೂಡಿದ ಖೊಟ್ಟಿ ಪತ್ರದ ಸಂಚಿಗೆ ಗವಾನ್ ತಲೆ ಕೊಟ್ಟ. ನಿಕಿಟಿನ್ ಅದನ್ನ ನೋಡಲಿಲ್ಲ, ಅಷ್ಟರೊಳಗೆ ತೀರಿಹೋಗಿದ್ದ.

ಬೀದರಿನಲ್ಲಿ ಅವನು ಕಂಡದ್ದನ್ನು ಪೂರ್ತಿ ಹೇಳಲು ಸಮಯ ಇಲ್ಲ. ಅರಮನೆಯ ಬಾಗಿಲುಗಳಲ್ಲಿ ಒಳಹೋಗುವವರ, ಹೊರಬರುವವರ ಹೆಸರು ಬರೆದುಕೊಳ್ಳುವ ಕರಣಿಕರು. ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುವ ಅಮೀರರು. ತೀರಾ ಬಡವರಾದ ಹಳ್ಳಿ ಜನ. ಈ ಕೊನೇ ಮಾತನ್ನ ಅವನು ಒಂದೇ ಸಾಲಲ್ಲಿ ಹೇಳಿ ಮುಗಿಸುತ್ತಾನೆ. ಆ ಒಂದು ಸಾಲು ದರ್ಬಾರಿನ ಹೊಗಳುಭಟರ ಪುಟಗಳಲ್ಲಿ ಸಿಗುವುದು ಕಷ್ಟ, ಹಾಗಾಗಿ ನಮ್ಮಂಥವರಿಗೆ ಬೆಲೆಬಾಳುವಂಥದ್ದು.

ಕುದುರೆ ಮಾರಿದ ಮೇಲೆ ಅವನು ಹಿಂದೂಗಳ ಜೊತೆ ಬೆರೆತ. ನಾನು ಮುಸ್ಲಿಂ ಅಲ್ಲ, ಕ್ರೈಸ್ತ, ಹೆಸರು ಅಫನಾಸಿ ಅಂತ ಅವರಿಗೆ ಬಾಯಿಬಿಟ್ಟು ಹೇಳಿದ. ಆಮೇಲೆ ಅವರು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ, ಹೆಂಗಸರನ್ನೂ ಮರೆ ಮಾಡಲಿಲ್ಲ ಅಂತ ಬರೆಯುತ್ತಾನೆ. ಅವರ ಜೊತೆ ಶಿವರಾತ್ರಿಗೆ "ಪರ್ವತ"ಕ್ಕೆ ಹೋದ. ಪರ್ವತ ಅಂದರೆ ಶ್ರೀಶೈಲ. 2022ರಲ್ಲಿ ನಂದ್ಯಾಲ ಜಿಲ್ಲೆ ಆಗೋವರೆಗೆ ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇತ್ತು. ಒಂದು ತಿಂಗಳ ದಾರಿ, ಐದು ದಿನದ ಜಾತ್ರೆ. ತಲೆ ಬೋಳಿಸಿಕೊಳ್ಳುವವರು, ತಲೆಗಿಷ್ಟು ಅಂತ ಸುಂಕ, ಕಲ್ಲಿನ ನಂದಿಯ ಗೊರಸಿಗೆ ಮುತ್ತಿಟ್ಟು ಹೂ ಸುರಿಯುವ ಜನ. ಅಲ್ಲಿನ ಒಂದು ವಿಗ್ರಹ ಎತ್ತಿದ ಕೈ ನೋಡಿ ಅವನಿಗೆ ಕಾನ್‌ಸ್ಟಾಂಟಿನೋಪಲ್ಲಿನ ಜಸ್ಟಿನಿಯನ್ ಚಕ್ರವರ್ತಿಯ ಪ್ರತಿಮೆ ನೆನಪಾಗುತ್ತೆ. ಇದು ಹಿಂದೂಗಳ ಜೆರುಸಲೇಮು, ಮುಸ್ಲಿಮರ ಲೆಕ್ಕದಲ್ಲಿ ಹೇಳಿದರೆ ಮೆಕ್ಕಾ ಅಂತ ತನ್ನ ಓದುಗರಿಗೆ ತಿಳಿಸುತ್ತಾನೆ. ಮೂರು ಧರ್ಮಗಳ ಅಳತೆಗೋಲು ಒಟ್ಟಿಗೆ ಕೈಲಿಟ್ಟುಕೊಂಡು ಶ್ರೀಶೈಲ ನೋಡಿದವರು ಆ ಕಾಲಕ್ಕೆ ಎಷ್ಟು ಜನ ಇದ್ದಾರು!

ಇಷ್ಟೆಲ್ಲ ಆದಮೇಲೂ ಅವನು ಕ್ರೈಸ್ತನಾಗಿ ಉಳಿದನೋ ಇಲ್ಲವೋ? ಗೇಲ್ ಲೆನ್‌ಹಾಫ್, ಜಾನೆಟ್ ಮಾರ್ಟಿನ್ 1989ರ ಲೇಖನದಲ್ಲಿ ಅವನು ಇಸ್ಲಾಮಿಗೆ ಬಂದಿದ್ದ ಅಂತ ವಾದಿಸಿದರು. ಅವನ ಬರಹ ಮುಗಿಯುವುದೇ ಅರಬ್ಬಿಯ ಪ್ರಾರ್ಥನೆಯಿಂದ, ಅಲ್ಲಾಹನ ನಾಮಗಳಿಂದ. ಇನ್ನೊಂದು ಕಡೆ, ಮತಕ್ಕೆ ಬಾ ಅಂತ ಒತ್ತಾಯಿಸಿದ ಒಬ್ಬ ಮಲಿಕನಿಗೆ ಅವನು ಕೊಟ್ಟ ಉತ್ತರವೂ ಅದೇ ಬರಹದಲ್ಲಿದೆ: ನೀವು ಐದು ಹೊತ್ತು ಪ್ರಾರ್ಥಿಸುತ್ತೀರಿ, ನಾನು ಮೂರು ಹೊತ್ತು, ನಾನು ಪರದೇಶಿ ಅನ್ನುವ ಅರ್ಥದ ಉತ್ತರ. ಅದಕ್ಕೆ ಆ ಮಲಿಕ, ನೀನು ಮುಸ್ಲಿಮನಲ್ಲ ಅನ್ನೋದು ಕಾಣುತ್ತೆ, ಆದರೆ ನಿನ್ನ ಕ್ರೈಸ್ತ ಧರ್ಮವೂ ನಿನಗೆ ಗೊತ್ತಿಲ್ಲ ಅಂದನಂತೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ತೀರಾ ನೋಯಿಸುವ ಮಾತು ಅದು. ಯಾಕಂದ್ರೆ ನಿಕಿಟಿನ್ ಅದಕ್ಕೆ ತಕರಾರು ಎತ್ತುವುದಿಲ್ಲ. ಯೋಚನೆಗೆ ಬೀಳುತ್ತಾನೆ.

ಮತಾಂತರ ಆದನೋ ಇಲ್ಲವೋ ಅಂತ ಹೌದು-ಅಲ್ಲದ ಪ್ರಶ್ನೆ ಕೇಳಿದರೆ ನಮಗೆ ತಪ್ಪು ಉತ್ತರವೇ ಸಿಗುತ್ತೆ ಅಂತ ನನಗನಿಸುತ್ತೆ. ನಮ್ಮ ಕಡೆ ಹೆಸರು, ಪೂಜೆ, ಜಾತ್ರೆ ಯಾವುದೂ ಹಾಗೆ ಕತ್ತರಿಸಿಕೊಂಡು ಬಂದಿಲ್ಲ. ಕೌತಾಳಂನ ದರ್ಗಾಕ್ಕೆ ಜನ ಕರೆಯುವ ಹೆಸರು ಖಾದರ್ ಲಿಂಗ ಸ್ವಾಮಿ. ಉರುಸಿಗೆ ಎರಡೂ ಕಡೆಯವರು ಹೋಗ್ತಾರೆ. ಖಾದರ್ ದೊಡ್ಡದೋ ಲಿಂಗ ದೊಡ್ಡದೋ ಅಂತ ಕೇಳಿದವನನ್ನ ಮ್ಯಾಲಿಂದ ಕೆಳಗೆ ನೋಡ್ತಾರೆ ಅಷ್ಟೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಊರಿನವರಿಗೆ ಎರಡು ಹೆಸರು ಒಂದು ಸಂಪತ್ತು. ಒಂಟಿ ಪರದೇಶಿಗೆ ಅದು ಕಂದಾಯ.

ಒಂಟಿ ಅಂದೆ, ಅದೇ ಮುಖ್ಯ. ಮುನ್ನೂರು ವರ್ಷ ಮುಂದೆ ಬಂದರೆ ಆದೋನಿ ನಿಜಾಮನ ಸಹೋದರ ಬಸಾಲತ್ ಜಂಗನ ರಾಜಧಾನಿ. ಅವನ ಹತ್ತಿರ ಲಾಲಿ ಅನ್ನುವ ಫ್ರೆಂಚ್ ಅಧಿಕಾರಿಯ ಕೈಕೆಳಗೆ ಒಂದು ಪಡೆಯೇ ಇತ್ತು. (1766ರಲ್ಲಿ ಪ್ಯಾರಿಸ್ಸಿನಲ್ಲಿ ತಲೆ ಕಳೆದುಕೊಂಡ ಲಾಲಿ ಬೇರೆ, ಇವನು ಬೇರೆ.) 1779ರ ಹೊತ್ತಿಗೆ ಗುಂಟೂರಿನ ವಿಷಯದಲ್ಲಿ ಇಂಗ್ಲಿಷರ ಒತ್ತಡಕ್ಕೆ ಬಸಾಲತ್ ಜಂಗ್ ಮಣಿದಾಗ ಲಾಲಿಯ ಪಡೆ ಹೈದರಾಲಿಯ ಕೆಲಸಕ್ಕೆ ಹೋಯ್ತು. ಒಬ್ಬ ಮುಸ್ಲಿಂ ದೊರೆಯಿಂದ ಇನ್ನೊಬ್ಬ ಮುಸ್ಲಿಂ ದೊರೆಗೆ, ಸಂಬಳದ ಲೆಕ್ಕದ ಮೇಲೆ. ಬಂದೂಕು, ಕವಾಯತು, ಹಿಂದೆ ಪಾಂಡಿಚೇರಿ ಇದ್ದವನ ಹೆಸರನ್ನ ಯಾರು ಬದಲಾಯಿಸಲು ಹೋಗ್ತಾರೆ? ಇನ್ನೊಂದು ತುದಿಯಲ್ಲಿ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್. ಗೋವಾದಲ್ಲಿ ಅವನನ್ನು ಜೈಲಿಗೆ ಹಾಕಿದ್ದು ಕ್ರೈಸ್ತರಾದ ಪೋರ್ಚುಗೀಸರು. 1584ರಲ್ಲಿ ತಪ್ಪಿಸಿಕೊಂಡು ಅವನು ಓಡಿದ್ದು ಬೆಳಗಾವಿ ದಾರಿಯಲ್ಲಿ ಬಿಜಾಪುರದ ಸುಲ್ತಾನನ ನಾಡಿಗೆ, ಅಲ್ಲಿಂದ ಗೋಲ್ಕೊಂಡಕ್ಕೆ. ಹಾಗಾಗಿ ದೊರೆಯ ಧರ್ಮ ಯಾವುದು ಅನ್ನುವುದಕ್ಕಿಂತ, ಬಂದವನ ಕೈಲಿ ಏನಿತ್ತು, ಬೆನ್ನಿಗೆ ಯಾರಿದ್ದರು ಅಂತ ಮೊದಲು ಕೇಳಬೇಕು. ನಿಕಿಟಿನ್‌ಗೆ ಇದ್ದದ್ದು ಒಂದು ಕುದುರೆ, ಒಬ್ಬ ಖುರಾಸಾನಿ ಪರಿಚಯಸ್ಥ.

ಪುಸ್ತಕಗಳ ವಿಷಯ ಬಾಕಿ ಉಳಿಸಿದ್ದೆ. ಅವು ಕಳೆದುಹೋದ ಮೇಲೆ ಹಬ್ಬಗಳ ಲೆಕ್ಕ ಅವನ ಕೈತಪ್ಪಿತು. ಈಸ್ಟರ್ ಯಾವತ್ತು, ಉಪವಾಸ ಯಾವಾಗ ಶುರು, ಬುಧವಾರ ಯಾವುದು, ಶುಕ್ರವಾರ ಯಾವುದು ಗೊತ್ತಾಗದು ಅಂತ ಮತ್ತೆ ಮತ್ತೆ ಹಲುಬುತ್ತಾನೆ. ಅಸದ್ ಖಾನನ ಬೆದರಿಕೆಗೆ ಅವನು ಕೊಟ್ಟಿದ್ದು ಕೆಲವೇ ಸಾಲು, ಈ ಹಲುಬಿಗೆ ಪುಟಗಳು. ಸುತ್ತ ಎಲ್ಲರಿಗೂ ಪಂಚಾಂಗ ಇದೆ: ಮುಸ್ಲಿಮರಿಗೆ ರಂಜಾನು, ಹಿಂದೂಗಳಿಗೆ ಶಿವರಾತ್ರಿ. ಇವನೊಬ್ಬನಿಗೇ ಇಲ್ಲ. ಕೊನೆಗೆ ಮುಸ್ಲಿಮರ ಬೈರಾಮ್ ಹಬ್ಬದಿಂದ ಒಂಬತ್ತೋ ಹತ್ತೋ ದಿನ ಹಿಂದಕ್ಕೆ ಎಣಿಸಿ ತನ್ನ ಈಸ್ಟರನ್ನು ಅಂದಾಜು ಮಾಡಿಕೊಂಡ. ಅವರ ಜೊತೆ ಒಂದು ತಿಂಗಳು ಉಪವಾಸವನ್ನೂ ಮಾಡಿದ. ತನ್ನ ನಾಡಿನ ಮೇಲಿನ ಪ್ರೀತಿಯನ್ನು, ಅಲ್ಲಿನ ಒಡೆಯರು ನ್ಯಾಯವಂತರಲ್ಲ ಅನ್ನುವ ಬೇಸರವನ್ನು ಅವನು ಬರೆದದ್ದು ರಷ್ಯನ್ನಿನಲ್ಲಲ್ಲ, ತುರ್ಕಿಯಲ್ಲಿ.

ದಾಭೋಳದಿಂದ ಹಡಗು ಹತ್ತಿ, ಪರ್ಷಿಯ, ಟ್ರೆಬಿಜಾಂಡ್, ಕಪ್ಪು ಸಮುದ್ರ ದಾಟಿ ಹೋದವನು ಸ್ಮೊಲೆನ್ಸ್ಕ್ ಮುಟ್ಟುವ ಮೊದಲೇ ಸತ್ತ. ಟಿಪ್ಪಣಿಗಳು 1475ರಲ್ಲಿ ವ್ಯಾಪಾರಿಗಳ ಕೈಯಿಂದ ಮಾಸ್ಕೋಗೆ ತಲುಪಿದವು. 1957ರಲ್ಲಿ ಇವನ ಕತೆಯನ್ನು ಭಾರತ-ಸೋವಿಯತ್ ಸೇರಿ ಸಿನಿಮಾ ಮಾಡಿದಾಗ ಹಿಂದಿಯಲ್ಲಿ ಇಟ್ಟ ಹೆಸರು "ಪರದೇಸಿ".

ಚಾಟ್‌ನಲ್ಲಿ ಒಂದು ಪ್ರಶ್ನೆ ಕಾಣ್ತಾ ಇದೆ: ಪುಸ್ತಕವಿಲ್ಲದೆ ಈಸ್ಟರನ್ನು ಬೈರಾಮ್‌ನಿಂದ ಮಾತ್ರ ಲೆಕ್ಕ ಹಾಕಿದನಾ ಅಂತ. ಇಲ್ಲ ಮೇಡಂ, ಆಕಾಶವನ್ನೂ ನೋಡಿದ. ಈಸ್ಟರ್ ಹೊತ್ತಿಗೆ ಯಾವ ನಕ್ಷತ್ರಗಳು ಮುಂಜಾನೆ ಬೆಳಕಿಗೆ ಸೇರಿದವು, ಸಪ್ತರ್ಷಿ ಮಂಡಲ ಯಾವ ಕಡೆ ತಲೆ ಮಾಡಿ ನಿಂತಿತ್ತು ಅಂತ ಗುರುತು ಹಾಕಿಕೊಂಡಿದ್ದಾನೆ. ಅವನು ಮೊದಲು ಹೆಸರಿಸುವ ಗುಂಪು ನಾವು ಕೃತ್ತಿಕೆ ಅನ್ನುವುದೇ. ನಮ್ಮ ಕಡೆ ರೈತರು ಈಗಲೂ ಮಳೆಯ ಲೆಕ್ಕ ಹಾಕೋದು ಆ ಹೆಸರುಗಳಲ್ಲೇ: ಕೃತ್ತಿಕೆ, ರೋಹಿಣಿ, ಮೃಗಶಿರ.