ಮಠದ ಶಾಲೆಗೆ ಕೊಡುಗೆ: ಜೋಳಿಗೆಯಿಂದ ಬ್ಯಾಂಕ್ ಖಾತೆಯವರೆಗೆ

ರಾಜ್ಯದ ನಗರಗಳಲ್ಲಿ ‘ಡೊನೇಷನ್’ ಎಂಬ ಪದಕ್ಕೆ ದಾನವೆಂಬ ಅರ್ಥ ಎಂದೋ ಅಳಿಸಿಹೋಗಿದೆ. ಮಗುವಿಗೆ ಸೀಟು ದೊರಕಿಸಲು ತೆರಬೇಕಾದ ಹಣವೇ ಡೊನೇಷನ್. ಪ್ರವೇಶಕ್ಕೆ ಪ್ರತಿಯಾಗಿ ಹೀಗೆ ಹಣ ಪಡೆಯುವುದನ್ನು ಕರ್ನಾಟಕ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯ ಮೂಲಕ ಅಪರಾಧವೆಂದು ಸಾರಿದೆ. ಆದರೆ ಪ್ರತಿಫಲ ಬಯಸದ ಕೊಡುಗೆಯನ್ನೇ ನೆಚ್ಚಿ ಬೆಳೆದ ಶಾಲೆಗಳೂ ಇದೇ ನಾಡಿನಲ್ಲಿವೆ. ಮಠಗಳು, ಚರ್ಚುಗಳು, ಮುಸ್ಲಿಂ ಶಿಕ್ಷಣ ಸಂಸ್ಥೆಗಳು ನಡೆಸುವ ಪ್ರೌಢಶಾಲೆಗಳು ಮತ್ತು ಅವುಗಳಿಗೆ ಹೊಂದಿಕೊಂಡ ವಿದ್ಯಾರ್ಥಿ ನಿಲಯಗಳು ಆ ಸಾಲಿಗೆ ಸೇರುತ್ತವೆ. ಮಂಗಳೂರಿನಲ್ಲಿ 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಆರಂಭಿಸಿದ ಸೇಂಟ್ ಅಲೋಶಿಯಸ್ ಸಂಸ್ಥೆ ನಿಂತಿರುವ ಗುಡ್ಡದ ನೆಲ ಲಾರೆನ್ಸ್ ಲೋಬೊ ಪ್ರಭು ಅವರ ಕೊಡುಗೆ.

ಈ ಪರಂಪರೆಯ ಅತಿ ದೊಡ್ಡ ನಿದರ್ಶನ ತುಮಕೂರಿನ ಅಂಚಿನ ಕ್ಯಾತಸಂದ್ರದ ಬಳಿಯಿರುವ ಸಿದ್ಧಗಂಗಾ ಮಠ. ಉದ್ದಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಇಲ್ಲಿ ಸಂಸ್ಕೃತ ಪಾಠಶಾಲೆ ಆರಂಭವಾಯಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿ ಅದನ್ನು ವಿಸ್ತರಿಸಿದರು. ಜಾತಿ, ಮತಗಳ ಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯ ನೀಡುವ ಈ ವ್ಯವಸ್ಥೆಗೆ ‘ತ್ರಿವಿಧ ದಾಸೋಹ’ ಎಂದು ಹೆಸರು. ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಮಠದ ಆಶ್ರಯದಲ್ಲಿದ್ದ ಮಕ್ಕಳು ಸುಮಾರು 10 ಸಾವಿರ. ಮಕ್ಕಳ ಊಟ ಮುಗಿದ ಮೇಲಷ್ಟೇ ತಮ್ಮ ಸಾವಿನ ಸುದ್ದಿ ತಿಳಿಸಬೇಕೆಂದು ಅವರು ಮೊದಲೇ ಸೂಚಿಸಿದ್ದರೆಂದು ಆಗ ವರದಿಯಾಗಿತ್ತು.

ಆ ಸೂಚನೆಯ ಹಿಂದಿರುವ ಲೆಕ್ಕವನ್ನು ಗಮನಿಸಬೇಕು. ಒಬ್ಬ ಹುಡುಗನಿಗೆ ಊಟವೊಂದಕ್ಕೆ 100 ಗ್ರಾಂ ಅಕ್ಕಿ ಎಂದು ಹಿಡಿದರೂ 10 ಸಾವಿರ ಮಕ್ಕಳಿಗೆ ಒಂದು ಹೊತ್ತಿಗೆ 10 ಕ್ವಿಂಟಲ್ ಅಕ್ಕಿ ಬೇಕು. ಬೇಳೆ, ರಾಗಿ, ತರಕಾರಿ, ಎಣ್ಣೆ, ಉಪ್ಪು ಬೇರೆ. ನಾಳೆ ಮತ್ತೆ ಅಷ್ಟೇ ಬೇಕು. ಸುಗ್ಗಿ ಮುಗಿದೊಡನೆ ಫಸಲಿನ ಒಂದು ಪಾಲನ್ನು ಮಠಕ್ಕೆ ತಂದೊಪ್ಪಿಸುವ ರೈತರ ರೂಢಿ ಈ ಕಾರಣದಿಂದಲೇ ಬೆಲೆಯುಳ್ಳದ್ದು. ಅವರ ಹೆಸರನ್ನು ಯಾವ ಕಲ್ಲಿನಲ್ಲೂ ಕೆತ್ತುವುದಿಲ್ಲ.

ನಗರದ ದಾನಿಗಳ ಒಲವು ಬೇರೆ. ಹೊಸ ಕೊಠಡಿ, ಕಂಪ್ಯೂಟರ್, ಬಾಗಿಲ ಮೇಲೊಂದು ಅಮೃತಶಿಲೆಯ ಫಲಕ ಎಂದರೆ ಹಣ ಬೇಗ ಒದಗುತ್ತದೆ. ಅಡುಗೆಯವರ ಸಂಬಳಕ್ಕೆ, ವಿದ್ಯುತ್ ಬಿಲ್ಲಿಗೆ, ಶೌಚಾಲಯದ ದುರಸ್ತಿಗೆ ಕೊಡುವವರು ವಿರಳ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳ ವೇತನವನ್ನು ಸರ್ಕಾರ ಭರಿಸುತ್ತದೆಯಾದರೂ, ನಿವೃತ್ತಿಯಿಂದ ತೆರವಾದ ಸ್ಥಾನವನ್ನು ತುಂಬಲು ಅನುಮತಿ ಬೇಕು. ಅದು ಬರುವವರೆಗೆ ಗಣಿತಕ್ಕೋ ವಿಜ್ಞಾನಕ್ಕೋ ತಾತ್ಕಾಲಿಕ ಶಿಕ್ಷಕರನ್ನು ನೇಮಿಸಿ ಸಂಬಳ ಹೊಂದಿಸುವ ಭಾರ ಆಡಳಿತ ಮಂಡಳಿಯದು. ಹೀಗಾಗಿ ಒಮ್ಮೆ ಕೊಡುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವೇ ಇಂಥ ಶಾಲೆಗೆ ಹೆಚ್ಚು ಆಸರೆ. ‘ಇಂಥದ್ದಕ್ಕೇ ಬಳಸಬೇಕು’ ಎಂಬ ಷರತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ; ಕೇಳಲು ಸಂಕೋಚಪಡಬೇಕಾಗಿಲ್ಲ. ಹಣ ಯಾರ ಖಾತೆಗೆ ಹೋಗುತ್ತದೆ? ಮಠದ ಖಾತೆಗೋ, ಶಾಲೆ ನಡೆಸುವ ನೋಂದಾಯಿತ ಸಂಸ್ಥೆಯ ಖಾತೆಗೋ? ಎರಡೂ ಒಂದೇ ಆವರಣದಲ್ಲಿದ್ದರೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ ಇರಬಹುದು. 80ಜಿ ಎಂದು ಜನಜನಿತವಾಗಿರುವ ಆದಾಯ ತೆರಿಗೆ ರಿಯಾಯಿತಿ ದೊರೆಯುವುದು ಇಲಾಖೆಯ ಅನುಮೋದನೆ ಪಡೆದ ಧರ್ಮಾರ್ಥ ಸಂಸ್ಥೆಗೆ ಕೊಟ್ಟಾಗ ಮಾತ್ರ. ವರಮಾನದ ಶೇ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಗಳಿಗೆ ವ್ಯಯಿಸುವ ಸಂಸ್ಥೆಗೆ ಆ ಅನುಮೋದನೆಯ ಲಾಭವಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ನಗದು, ಅಕ್ಕಿ-ಬೇಳೆಯಂಥ ವಸ್ತುಗಳು ರಿಯಾಯಿತಿಗೆ ಒಳಪಡುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಸೌಲಭ್ಯವೇ ಇಲ್ಲ. ಗಾಡಿಯಲ್ಲಿ ರಾಗಿ ತರುವ ರೈತ ಇದಾವುದನ್ನೂ ಕೇಳಿದವನಲ್ಲ ಎಂಬುದು ಬೇರೆ ಮಾತು.

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಇನ್ನಷ್ಟು ಎಚ್ಚರ ವಹಿಸಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿ ಕನ್ನಡಿಗರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಅದನ್ನು ಸ್ವೀಕರಿಸಲು ಶಾಲೆಯ ಸಂಸ್ಥೆಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇರಬೇಕು. 2020ರ ತಿದ್ದುಪಡಿಯ ಬಳಿಕ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅನುಮತಿಯಿಲ್ಲದ ಶಾಲೆಗೆ ಪ್ರೀತಿಯಿಂದ ಕಳುಹಿಸಿದ ಹಣವೂ ಅದನ್ನು ತೊಂದರೆಗೆ ಸಿಲುಕಿಸೀತು.

ಧಾರ್ಮಿಕ ಸಂಸ್ಥೆಯ ಶಾಲೆ ಎಂದೊಡನೆ ದಾನಿಗಳಲ್ಲಿ ಕೆಲವರು ಹಿಂದೆಗೆಯುವುದುಂಟು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಶಾಲೆಯಲ್ಲಿ ಅದು ಹೇಗೆ ಪಾಲನೆಯಾಗುತ್ತಿದೆ ಎಂದು ವಿಚಾರಿಸುವುದು ಅಪಚಾರವಲ್ಲ.

ಹಣಕ್ಕಿಂತ ಸಮಯ ಕೊಡಬಲ್ಲವರಿಗೆ ಕೆಲಸ ಸಾಕಷ್ಟಿದೆ. ಗ್ರಾಮೀಣ ಪ್ರೌಢಶಾಲೆಯ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಎಡವುವುದು ಬಹುಮಟ್ಟಿಗೆ ಗಣಿತ, ವಿಜ್ಞಾನ, ಇಂಗ್ಲಿಷ್‌ಗಳಲ್ಲಿ. ವರ್ಷಕ್ಕೊಮ್ಮೆ ಬಂದು ಭಾಷಣ ಮಾಡಿ, ಹಣ್ಣು ಹಂಚಿ, ಫೋಟೊ ತೆಗೆಸಿಕೊಂಡು ಹೋಗುವವರಿಂದ ಮಕ್ಕಳ ಒಂದು ಪೀರಿಯಡ್ ಹಾಳಾದೀತಷ್ಟೆ. ದಸರಾ ರಜೆಯ ನಂತರ ಪ್ರತಿ ಶನಿವಾರ ಮಧ್ಯಾಹ್ನ ಒಂದೇ ವಿಷಯವನ್ನು, ಅದೇ ಮಕ್ಕಳಿಗೆ, ಪರೀಕ್ಷೆಯವರೆಗೆ ಹೇಳಿಕೊಡುವವರು ಬೇಕು. ಮೊದಲ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಕೆಲವೇ ವಾರಗಳಲ್ಲಿ ಮತ್ತೊಂದು ಪರೀಕ್ಷೆಗೆ ಕೂರುತ್ತಾರೆ. ಬೇಸಿಗೆ ರಜೆಯ ಆ ದಿನಗಳಲ್ಲಿ ಅವರಿಗೆ ಪಾಠ ಹೇಳುವವರೇ ಸಿಗುವುದಿಲ್ಲ.

ಸ್ವಯಂಸೇವಕರನ್ನು ಶಾಲೆ ಪ್ರಶ್ನೆ ಕೇಳದೆ ಒಳಬಿಟ್ಟುಕೊಂಡರೆ ಅದು ಒಳ್ಳೆಯ ಸೂಚನೆಯಲ್ಲ. ಗುರುತಿನ ಪುರಾವೆ ಕೇಳುವುದು, ನಿಲಯದ ಕೊಠಡಿಗಳಿಗೆ ಹೊರಗಿನವರನ್ನು ಬಿಡದಿರುವುದು, ಪಾಠದ ವೇಳೆ ಶಿಕ್ಷಕರೊಬ್ಬರು ಜೊತೆಯಲ್ಲಿರುವುದು ಅವಮಾನವೆಂದು ಭಾವಿಸಬಾರದು. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಪ್ರತಿಯೊಬ್ಬರ ಕರ್ತವ್ಯ. ಸಂಸ್ಥೆಯ ಗೌರವಕ್ಕೆ ಅಂಜಿ ಮುಚ್ಚಿಟ್ಟ ಮುಖ್ಯಸ್ಥರಿಗೂ ಅಲ್ಲಿ ಶಿಕ್ಷೆಯಿದೆ. ಆ ಪೀಠದ ಹಿರಿಮೆ ಎಷ್ಟೇ ಇರಲಿ, ಅದಕ್ಕೆ ವಿನಾಯಿತಿಯಿಲ್ಲ.