ಕಾಫಿ ಲೋಟದ ಅಂಚು

ಇವತ್ತು ಒಂದು ಲೋಟದ ಕಥೆ.

ಚೆನ್ನೈಗೆ ಬಂದ ನಮ್ಮಂಥವರಿಗೆ ಊರು ನೆನಪಾಗೋದು ಹೆಚ್ಚಾಗಿ ಫಿಲ್ಟರ್ ಕಾಫಿಯಿಂದ. ಸ್ಟೀಲ್ ಲೋಟ, ಕೆಳಗೆ ಡಬರಾ. ಆಫೀಸಿನ ಪಿಂಗಾಣಿ ಮಗ್ ಪಕ್ಕ ಅದನ್ನ ಇಟ್ಟು ನೋಡಿ. ಮಗ್‌ಗೆ ಹಿಡಿ ಇದೆ. ಲೋಟಕ್ಕೆ ಹಿಡಿ ಇಲ್ಲ, ಹೊರಕ್ಕೆ ಮಡಿಸಿದ ಅಂಚಿದೆ. ಬಿಸಿ ಕಾಫಿಯನ್ನ ಅಂಚಲ್ಲೇ ಹಿಡಿದು, ತುಟಿ ತಾಗದ ಹಾಗೆ ಬಾಯಿಗೆ ಸುರ್ಕೋಬಹುದು. "ಕಚ್ಚಿ ಕುಡೀಬೇಡ, ಎತ್ತಿ ಕುಡಿ" ಅಂತ ಅಜ್ಜಿ ಬೈದದ್ದು ನೆನಪಿದೆಯಾ? ಅದು ಎಂಜಲಿನ ಲೆಕ್ಕ. ಈಗ ನಾವದನ್ನ ಸ್ವಚ್ಛತೆ ಅಂತೀವಿ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಯಾಕಂದ್ರೆ ಮನೆಯವರ ಎಂಜಲು ತೊಳೆದ್ರೆ ಹೋಗ್ತಿತ್ತು. ಕೆಲವರು ಮುಟ್ಟಿದ ಲೋಟ ತೊಳೆದರೂ ಒಳಗೆ ಬರ್ತಿರಲಿಲ್ಲ.

ಇದೇ ಮದ್ರಾಸ್ ಪ್ರಾಂತ್ಯದ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇರ್ತಿತ್ತು. ರೈಲ್ವೆ ನಿಲ್ದಾಣದ ಊಟದ ಕೋಣೆಗಳಲ್ಲೂ ಹಾಗೇ. ಪೆರಿಯಾರ್ ಮತ್ತು ಸಂಗಡಿಗರ ಹೋರಾಟದ ನಂತರ 1941ರಲ್ಲಿ ರೈಲ್ವೆಯಲ್ಲಿ ಅದು ನಿಂತಿತು. 1950ರಲ್ಲಿ ಸಂವಿಧಾನದ 15ನೇ ವಿಧಿ ಹೋಟೆಲುಗಳ ಬಾಗಿಲನ್ನ ಎಲ್ಲರಿಗೂ ತೆರೆಯಿತು. ಒಳಗೆ ಹೋದವರಿಗೆ ಕಾಫಿ ಯಾವುದರಲ್ಲಿ ಕೊಡ್ತಾರೆ ಅನ್ನೋ ಪ್ರಶ್ನೆ ಉಳೀತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯ 4ನೇ ಸೆಕ್ಷನ್ ಓದಿ: ಹೋಟೆಲು, ಧರ್ಮಶಾಲೆಗಳಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಗಳನ್ನ ಅಸ್ಪೃಶ್ಯತೆಯ ನೆಪದಲ್ಲಿ ಬಳಸಗೊಡದೆ ಇದ್ರೆ ಶಿಕ್ಷೆ. ನಾನು ದಿನಾ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದೋನು. ಇಷ್ಟು ಸಣ್ಣ ವಿವರ ಬರೆದಿಟ್ಟಿದ್ದಾರೆ ಅಂದ್ರೆ, ಅಲ್ಲಿ ಪದೇ ಪದೇ ಏನೋ ಕೆಟ್ಟಿದೆ ಅಂತಲೇ ಅರ್ಥ.

ಕೆಟ್ಟಿತ್ತು. ಹಳ್ಳಿ ಚಹಾ ಅಂಗಡಿಗಳಲ್ಲಿ ದಲಿತರಿಗೆ ತೆಂಗಿನ ಚಿಪ್ಪು, ಆಮೇಲೆ ಬೇರೆ ಲೋಟ. ಕಾನೂನು ಬಂದು ದಶಕಗಳಾದರೂ ಎರಡು ಲೋಟದ ಪದ್ಧತಿಯ ಸುದ್ದಿ ತಮಿಳುನಾಡಿಂದಲೂ ನಮ್ಮ ಕರ್ನಾಟಕದಿಂದಲೂ ಬಂದಿದೆ.

ನಮ್ಮ ಅಜ್ಜಿ ಮನೆ ಹಿತ್ತಲ ಗೋಡೆಯ ಗೂಡಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇತ್ತು. ತೋಟದ ಕೆಲಸಕ್ಕೆ ಬರ್ತಿದ್ದವರು ಅದನ್ನ ಹಿಡೀತಿದ್ರು, ಅಜ್ಜಿ ಮೇಲಿಂದ ಕಾಫಿ ಹುಯ್ತಿದ್ರು. ಕುಡಿದು, ತೊಳೆದು, ಅವರೇ ಮತ್ತೆ ಗೂಡಲ್ಲಿ ಇಡ್ತಿದ್ರು. ನಾನು ಯಾಕೆ ಅಂತ ಕೇಳಿದವನಲ್ಲ.

ಈ ಮಾತಿಗೆ ತಯಾರಿ ಮಾಡ್ಕೊಳ್ವಾಗ ನಮ್ಮ ಫ್ಲ್ಯಾಟಿನ ಅಡುಗೆಮನೆ ನೋಡಿದೆ. ಸಿಂಕ್ ಕೆಳಗೆ ಒಂದು ಲೋಟ, ಕೆಲಸಕ್ಕೆ ಬರೋ ಅಕ್ಕನದು. ಇಟ್ಟವನು ನಾನೇ. ತೆಗೆದು ಮೇಲಿನ ಸಾಲಿಗೆ ಸೇರಿಸಿದೆ. ಮಾರನೇ ದಿನ ಅಕ್ಕ ಬಂದು, ಬಗ್ಗಿ, ಅಲ್ಲೇ ಹುಡುಕಿದರು.